ಜೀನ್ಸ್ ಬಟ್ಟೆಗೆ ನಾರು ಬೆಳೆಯೋಣವೆ?



ಜೀನ್ಸ್ ಪ್ಯಾಂಟು ಈಗ ಪಟ್ಟಣದವರ ಉಡುಪಾಗಿ ಉಳಿದಿಲ್ಲ. ಟ್ರ್ಯಾಕ್ಟರ್ ಓಡಿಸುವ ಹುಡುಗನೂ ಅದನ್ನೇ ತೊಡುತ್ತಾನೆ, ಗೂಡಿನ ಮೂಟೆ ಹೊತ್ತು ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವವನೂ ಅದನ್ನೇ ತೊಡುತ್ತಾನೆ. ಈ ಬಟ್ಟೆ ಹತ್ತಿಯದು. ಆದರೆ ಕೆಲವು ಗಿರಣಿಗಳು ಈಚಿನ ವರ್ಷಗಳಲ್ಲಿ ಹತ್ತಿಯ ಜೊತೆಗೆ ಬೇರೆ ಗಿಡಗಳ ನಾರನ್ನೂ ಬೆರೆಸಿ ಜೀನ್ಸ್ ಬಟ್ಟೆ ನೇಯುತ್ತಿವೆ. ನೀರು ಕಡಮೆ ಬೇಡುವ, ಔಷಧಿ ಕಡಮೆ ಬೇಡುವ ನಾರಿನ ಬೆಳೆ ಬೇಕು ಅನ್ನೋದು ಅವರ ಮಾತು.

ಇದನ್ನು ಕೇಳಿದಾಗ ನಮ್ಮ ಸೀಮೆಯ ಒಕ್ಕಲು ಮಕ್ಕಳಿಗೆ ಒಂದು ಯೋಚನೆ ಬರುವುದು ಸಹಜ. ನಮಗೂ ನೀರು ಕಡಮೆ. ನಂದಿಬೆಟ್ಟದ ಸುತ್ತ ಹಲವು ನದಿಗಳು ಹುಟ್ಟುತ್ತವೆ, ಆದರೆ ವರ್ಷವಿಡೀ ಹರಿಯುವ ನದಿ ಜಿಲ್ಲೆಯಲ್ಲಿ ಒಂದೂ ಇಲ್ಲ. ಕೊಳವೆ ಬಾವಿ ಎಷ್ಟೋ ಕಡೆ ಸಾವಿರ ಅಡಿ ದಾಟಿದೆ. ಬದುವಿನ ಮೇಲೆ ಕತ್ತಾಳೆ ಇದೆ, ತೋಟದಲ್ಲಿ ಬಾಳೆ ಇದೆ, ಬೀಜ ಚೆಲ್ಲಿದರೆ ಅಪ್ಸೆಣಬು ಆಳೆತ್ತರ ಬೆಳೆಯುತ್ತದೆ. ಹಾಗಿದ್ದ ಮೇಲೆ ನಾವೂ ಜೀನ್ಸ್ ಬಟ್ಟೆಗೆ ನಾರು ಬೆಳೆದು ಯಾಕೆ ಮಾರಬಾರದು? ಈ ಪ್ರಶ್ನೆಯನ್ನು ನಿಧಾನವಾಗಿ, ಲೆಕ್ಕ ಹಾಕಿ ನೋಡೋಣ. ಆತುರದಲ್ಲಿ ಬಿತ್ತಿದರೆ ಒಂದು ಹಂಗಾಮಿನ ರಾಗಿ ಹೋದೀತು, ಊರ ಕೆರೆಯೂ ಕೆಟ್ಟೀತು.

ಮೊದಲು ಈ ಬಟ್ಟೆ ಅಂದರೆ ಏನು ಅಂತ ತಿಳಿಯೋಣ. ಮಗ್ಗ ಕಂಡವರಿಗೆ ಹಾಸು, ಹೊಕ್ಕು ಎರಡೂ ಗೊತ್ತು. ಜೀನ್ಸ್ ಬಟ್ಟೆಯಲ್ಲಿ ಹಾಸಿನ ನೂಲು ನೀಲಿ, ಹೊಕ್ಕಿನ ನೂಲು ಬಿಳಿ. ಸಾಮಾನ್ಯವಾಗಿ ಹಾಸಿನ ಮೂರು ಎಳೆಗಳ ಕೆಳಗೆ ಹೊಕ್ಕು ನುಸುಳಿ, ಒಂದರ ಮೇಲೆ ಹಾಯುತ್ತದೆ. ಹೀಗಾಗಿ ಬಟ್ಟೆಯ ಮೇಲೆ ಓರೆ ಗೆರೆ ಮೂಡುತ್ತದೆ, ಮುಖ ನೀಲಿಯಾಗಿ ಒಳಗೆ ಬೆಳ್ಳಗಿರುತ್ತದೆ. ನೂಲು ದಪ್ಪ, ನೇಯ್ಗೆ ಬಿಗಿ. ಆದ್ದರಿಂದಲೇ ಬಾಳಿಕೆ ಹೆಚ್ಚು. ಮೊದಲು ಇದು ಕೂಲಿಯವರ, ಗಣಿ ಕೆಲಸದವರ ಬಟ್ಟೆ. ಅಮೆರಿಕದಲ್ಲಿ ಲೀವೈ ಸ್ಟ್ರಾಸ್ ಎಂಬ ವರ್ತಕ, ಜೇಕಬ್ ಡೇವಿಸ್ ಎಂಬ ದರ್ಜಿ ಸೇರಿ ಜೇಬಿನ ಮೂಲೆಗೆ ತಾಮ್ರದ ಮೊಳೆ ಬಡಿದು ಗಟ್ಟಿ ಮಾಡುವ ವಿಧಾನಕ್ಕೆ 1873ರಲ್ಲಿ ಹಕ್ಕು ಪಡೆದರು. ನಮ್ಮ ದೇಶಕ್ಕೂ ಇಂಥ ದಪ್ಪ ಬಟ್ಟೆ ಹೊಸದಲ್ಲ. ಕೆಲಸದ ಉಡುಪಿಗೆ ಇಂಗ್ಲಿಷಿನವರು ಹೇಳುವ ಡಂಗರಿ ಎಂಬ ಹೆಸರು ಮುಂಬಯಿಯ ಡೋಂಗ್ರಿಯಿಂದ ಬಂದದ್ದು.

ಇನ್ನು ನೀಲಿಯ ಮಾತು. ಈ ನೀಲಿ ಮೊದಲು ನೀಲಿ ಗಿಡದ ಎಲೆಯಿಂದ ಬರುತ್ತಿತ್ತು. 1897ರಲ್ಲಿ ಜರ್ಮನಿಯ ಕಾರ್ಖಾನೆ ರಾಸಾಯನಿಕ ನೀಲಿಯನ್ನು ಪೇಟೆಗೆ ತಂದ ಮೇಲೆ ಗಿಡದ ನೀಲಿಯ ವ್ಯಾಪಾರ ಕುಸಿಯಿತು. ನೂಲನ್ನು ತೊಟ್ಟಿಯಲ್ಲಿ ಅದ್ದಿ ತೆಗೆದಾಗ ಹಸಿರು ಹಳದಿಯಾಗಿ ಕಾಣುತ್ತದೆ, ಗಾಳಿ ಸೋಕಿದ ಹಾಗೆ ನೀಲಿಯಾಗುತ್ತದೆ. ಹೀಗೆ ಹಲವು ಸಲ ಅದ್ದುತ್ತಾರೆ. ಆದರೂ ಬಣ್ಣ ನೂಲಿನ ಹೊರಮೈಗೆ ಹಿಡಿಯುತ್ತದೆಯೇ ಹೊರತು ತಿರುಳಿಗೆ ಇಳಿಯುವುದಿಲ್ಲ. ಅದಕ್ಕೇ ಜೀನ್ಸ್ ಉಜ್ಜಿದ ಕಡೆ ಬೆಳ್ಳಗಾಗುತ್ತದೆ.

ನಮ್ಮ ರಾಜ್ಯದಲ್ಲಿ ಜೀನ್ಸಿನ ಊರು ಅಂದರೆ ಬಳ್ಳಾರಿ. ಅಲ್ಲಿ ಮನೆಮನೆಯಲ್ಲಿ, ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ ಜೀನ್ಸ್ ಕತ್ತರಿಸಿ, ಹೊಲಿದು, ತೊಳೆದು, ಬೇರೆ ರಾಜ್ಯಗಳಿಗೂ ಕಳಿಸುತ್ತಾರೆ. ಆದರೆ ಅವರು ಹೊಲಿಯುವ ಬಟ್ಟೆ ಬಹುಪಾಲು ಬರುವುದು ಗುಜರಾತಿನ ಅಹಮದಾಬಾದ್ ಕಡೆಯ ಗಿರಣಿಗಳಿಂದ. ಇದನ್ನು ಗಮನದಲ್ಲಿಡಿ. ನಾರು ಬೆಳೆಯುವವನು ಒಂದು ಕಡೆ, ನೂಲು ತೆಗೆಯುವವನು ಇನ್ನೊಂದು ಕಡೆ, ಹೊಲಿಯುವವನು ಮತ್ತೊಂದು ಕಡೆ. ಜೀನ್ಸ್ ಹೊಲಿಯುವ ಊರು ನಮಗೆ ಹತ್ತಿರ ಅಂದ ಮಾತ್ರಕ್ಕೆ ನಾರು ಕೊಳ್ಳುವ ಊರು ಹತ್ತಿರ ಅಂತ ಆಗುವುದಿಲ್ಲ.

ಗಿರಣಿಗಳಿಗೆ ಹತ್ತಿಯ ಬದಲು ಬೇರೆ ನಾರು ಏಕೆ ಬೇಕಾಯಿತು? ನೀರಿನ ಲೆಕ್ಕ ಕೇಳಿ. ಲೀವೈಸ್ ಕಂಪನಿ 2015ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಂದು ಪ್ಯಾಂಟು ಹತ್ತಿಯ ಹೊಲದಿಂದ ಹಿಡಿದು ಹರಿದು ಬಿಸಾಡುವವರೆಗೆ 3,781 ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ನೂರಕ್ಕೆ 68 ಪಾಲು ಹತ್ತಿ ಬೆಳೆಯುವುದಕ್ಕೆ, 23 ಪಾಲು ಮನೆಯಲ್ಲಿ ಒಗೆಯುವುದಕ್ಕೆ. ತಾಯಂದಿರು ಈ ಎರಡನೆಯ ಅಂಕಿಯನ್ನು ಗಮನಿಸಬೇಕು. ಜೀನ್ಸನ್ನು ಒಂದು ದಿನ ತೊಟ್ಟು ಒಗೆಯಬೇಕಾಗಿಲ್ಲ. ಕೊಳೆಯಾಗದಿದ್ದರೆ ನೆರಳಲ್ಲಿ ಗಾಳಿಗೆ ಹಾಕಿದರೆ ಸಾಕು. ನೀರೂ ಉಳಿಯಿತು, ಬಣ್ಣವೂ ಉಳಿಯಿತು.

ಹಾಗಂತ ಎಲ್ಲ ಹತ್ತಿಯೂ ನೀರು ಕುಡಿಯುವ ಹತ್ತಿ ಅಲ್ಲ. ಧಾರವಾಡ, ಗದಗದ ಕರಿ ಭೂಮಿಯಲ್ಲಿ ಜಯಧರ್ ಎಂಬ ನಾಡ ಹತ್ತಿಯನ್ನು ಬರೀ ಮಳೆಯ ಮೇಲೆ ಬೆಳೆದವರು ನಮ್ಮವರೇ. ಅದರ ಎಳೆ ಮೋಟು, ಸ್ವಲ್ಪ ಒರಟು. ಆದರೆ ಜೀನ್ಸಿನ ನೂಲು ದಪ್ಪ, ಸುಮಾರು 7ರಿಂದ 16 ನಂಬರಿನದು. ಸಣ್ಣ ನೂಲಿನ ಪಂಚೆಗೆ ಬೇಕಾಗುವಂಥ ಉದ್ದ ಎಳೆ ಇದಕ್ಕೆ ಬೇಕಾಗಿಲ್ಲ. ಹಾಗಾಗಿ ನೀರು ಉಳಿಸಬೇಕಾದರೆ ಹತ್ತಿಯನ್ನೇ ಬಿಡಬೇಕು ಎಂಬುದೇನೂ ಇಲ್ಲ. ಎಂಥ ಹತ್ತಿ, ಎಲ್ಲಿ ಬೆಳೆದದ್ದು ಎಂಬುದೂ ಮುಖ್ಯ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹಗ್ಗಕ್ಕಾಗುವ ನಾರೆಲ್ಲ ಬಟ್ಟೆಗೆ ಆಗುವುದಿಲ್ಲ. ಯಾಕೆ? ಇದನ್ನು ರೇಷ್ಮೆ ಕಂಡ ಮೇಲೂರಿನವರಿಗೆ ತಿಳಿಸುವುದು ಸುಲಭ. ರೇಷ್ಮೆ ಹುಳು ನೂಲನ್ನು ಬಿಡುವಾಗ ಅದರ ಸುತ್ತ ಅಂಟು ಇರುತ್ತದೆ. ಆ ಅಂಟು ಬಿಡಲಿ ಅಂತ ಗೂಡನ್ನು ಬಿಸಿನೀರಲ್ಲಿ ಬೇಯಿಸಿ ಎಳೆ ಹಿಡಿಯುತ್ತೀರಿ. ಮುಂದೆ ಬಣ್ಣ ಹಾಕುವವರು ಸಾಬೂನಿನ ನೀರಲ್ಲಿ ಕುದಿಸಿ ಉಳಿದ ಅಂಟನ್ನೂ ತೆಗೆಯುತ್ತಾರೆ. ಆಗ ತೂಕದಲ್ಲಿ ನೂರಕ್ಕೆ ಇಪ್ಪತ್ತು ಇಪ್ಪತ್ತೈದು ಪಾಲು ಕಳೆದು, ಬಟ್ಟೆ ಮೆತ್ತಗಾಗುತ್ತದೆ.

ಗಿಡದ ನಾರೂ ಹಾಗೆಯೇ. ಕಾಂಡದ ತೊಗಟೆಯಿಂದ ನೀವು ಸುಲಿಯುವ ಉದ್ದನೆಯ ನಾರು ಒಂದೇ ಎಳೆಯಲ್ಲ. ಸಾವಿರಾರು ಸಣ್ಣ ಎಳೆಗಳು ಅಂಟಿನಿಂದ ಕೂಡಿಕೊಂಡ ಕಟ್ಟು ಅದು. ಹಗ್ಗ ಹೊಸೆಯುವಾಗ ಆ ಅಂಟು ಇದ್ದರೇ ಒಳ್ಳೆಯದು, ಗಟ್ಟಿ ಇರುತ್ತದೆ. ಬಟ್ಟೆಗೆ ಅಂಟು ಹೋಗಬೇಕು, ಕಟ್ಟು ಬಿಡಿಸಬೇಕು, ಹತ್ತಿಯ ಹಾಗೆ ಮೆತ್ತಗಾಗಬೇಕು. ಈ ಕೆಲಸವನ್ನು ಕಾರ್ಖಾನೆಯಲ್ಲಿ ಕ್ಷಾರ, ಹಬೆ, ಕಿಣ್ವಗಳಿಂದ ಮಾಡುತ್ತಾರೆ. ಆದರೆ ಒಂದು ತೊಡಕು ಉಂಟು. ರೇಷ್ಮೆಯಲ್ಲಿ ಅಂಟು ಹೋದರೂ ಉಳಿಯುವ ಎಳೆ ನೂರಾರು ಗಜ ಉದ್ದ. ಗಿಡದ ನಾರಿನಲ್ಲಿ ಅಂಟೆಲ್ಲ ಹೋದರೆ ಉಳಿಯುವುದು ಬಲು ಮೋಟು ಎಳೆ. ಹತ್ತಿಯ ಎಳೆ ಸಾಮಾನ್ಯವಾಗಿ 25ರಿಂದ 30 ಮಿಲಿಮೀಟರ್. ಅಗಸೆಯದು ಹತ್ತಿರ ಹತ್ತಿರ ಅಷ್ಟೇ. ಅಪ್ಸೆಣಬಿನದು ಸರಾಸರಿ ಒಂದು ಸೆಂಟಿಮೀಟರಿಗೂ ಕಡಮೆ. ಗೋಣಿಚೀಲದ ಸೆಣಬಿನದು, ಕತ್ತಾಳೆಯದು ಮೂರು ಮಿಲಿಮೀಟರ್ ಆಜುಬಾಜು. ಅಷ್ಟು ಮೋಟು ಎಳೆಯನ್ನು ನೂಲುವುದು ಆಗದ ಮಾತು. ಆದ್ದರಿಂದ ಅಂಟನ್ನು ಅರ್ಧಂಬರ್ಧ ತೆಗೆದು, ಹತ್ತಿಯ ಜೊತೆ ಬೆರೆಸಿ ನೂಲಬೇಕಾಗುತ್ತದೆ.

ಇದು ತಿಳಿದ ಮೇಲೆ ನಮ್ಮ ಹೊಲದಲ್ಲಿ ಏನೇನಿದೆ ಅಂತ ಒಂದೊಂದಾಗಿ ತೂಗಿ ನೋಡೋಣ.

ಬದುವಿನ ಕತ್ತಾಳೆ. ನಾರು ಒರಟು, ಬಿರುಸು. ಹಗ್ಗಕ್ಕೆ, ಚಾಪೆಗೆ, ಬ್ರಷ್ಷಿಗೆ ಒಳ್ಳೆಯದು. ಮೈಗೆ ತೊಡುವ ಬಟ್ಟೆಗೆ ಇದನ್ನು ನಂಬಬೇಡಿ.

ಬಾಳೆ. ಗೊನೆ ಕಡಿದ ಮೇಲೆ ದಿಂಡು ಹೇಗೂ ಬಿಸಾಡುವುದೇ. ಅದರಿಂದ ಯಂತ್ರದಲ್ಲಿ ನಾರು ತೆಗೆದು ಚೀಲ, ಚಾಪೆ, ಕೈಮಗ್ಗದ ಬಟ್ಟೆ ಮಾಡುತ್ತಾರೆ. ಇದಕ್ಕಾಗಿ ಹೊಸದಾಗಿ ನೀರು ಕೊಡಬೇಕಿಲ್ಲ ಎಂಬುದು ದೊಡ್ಡ ಅನುಕೂಲ. ಆದರೆ ದಿಂಡು ತುಂಬ ನೀರೇ. ಗಾಡಿ ತುಂಬ ದಿಂಡು ಸಾಗಿಸಿದರೆ ಸಿಗುವ ನಾರು ಸ್ವಲ್ಪ. ಯಂತ್ರ ಹತ್ತಿರ ಇದ್ದವರಿಗೆ ಮಾತ್ರ ಇದು ಕಟ್ಟುತ್ತದೆ.

ಅಗಸೆ. ಉತ್ತರ ಕರ್ನಾಟಕದಲ್ಲಿ ಹಿಂಗಾರಿಗೆ ಬೆಳೆಯುವುದು ಎಣ್ಣೆಕಾಳಿನ ಅಗಸೆ, ಗಿಡ ಗಿಡ್ಡ. ಲಿನನ್ ಬಟ್ಟೆಗೆ ಬೇಕಾದ ಎತ್ತರದ ಅಗಸೆಗೆ ಫ್ರಾನ್ಸ್, ಬೆಲ್ಜಿಯಂ ದೇಶದ ತಣ್ಣನೆಯ ಹವೆ ಹಿಡಿಸುತ್ತದೆ. ನಮ್ಮ ಕೆಂಪು ಭೂಮಿಗೆ ಅದು ಬೇಡ.

ಇನ್ನು ಹೆಂಪ್. ಜೀನ್ಸ್ ಗಿರಣಿಗಳು ಹತ್ತಿಗೆ ಬೆರೆಸುವ ನಾರುಗಳಲ್ಲಿ ಇದಕ್ಕೆ ದೊಡ್ಡ ಹೆಸರಿದೆ. 2019ರಲ್ಲಿ ಲೀವೈಸ್ ನೂರಕ್ಕೆ 30 ಪಾಲು ಹೆಂಪ್, 70 ಪಾಲು ಹತ್ತಿ ಬೆರೆಸಿದ ಜೀನ್ಸನ್ನು ಮಾರಾಟಕ್ಕೆ ತಂದಿತು. ಆದರೆ ಹೆಂಪ್ ಅಂದರೆ ಗಾಂಜಾ ಜಾತಿಯ ಗಿಡವೇ. 1985ರ ಮಾದಕ ವಸ್ತುಗಳ ಕಾಯಿದೆಯ ಪ್ರಕಾರ ಸರಕಾರದ ಪರವಾನಗಿ ಇಲ್ಲದೆ ಬೆಳೆಯುವುದು ಅಪರಾಧ. ಉತ್ತರಾಖಂಡ ರಾಜ್ಯ 2018ರಲ್ಲಿ ನಾರಿಗಾಗಿ ಬೆಳೆಯಲು ಪರವಾನಗಿ ಕೊಡುವ ಏರ್ಪಾಡು ಮಾಡಿತು. ಆ ರಾಜ್ಯದ ಸುದ್ದಿಯನ್ನು ಫೋನಿನಲ್ಲಿ ನೋಡಿ, ಯಾರೋ ಬೀಜ ತಂದುಕೊಟ್ಟರು ಅಂತ ಇಲ್ಲಿ ಬಿತ್ತಿದರೆ ನಾಳೆ ಠಾಣೆ, ಕೋರ್ಟು ಅಲೆಯಬೇಕಾದೀತು. ಅಪ್ಸೆಣಬಿಗೆ ಇಂಗ್ಲಿಷಿನಲ್ಲಿ ಸನ್ ಹೆಂಪ್ ಅನ್ನುತ್ತಾರೆ. ಹೆಸರು ಒಂದೇ ತೆರ ಕಂಡರೂ ಗಿಡ ಬೇರೆ. ಅಪ್ಸೆಣಬು ಹಳದಿ ಹೂ ಬಿಡುವ ದ್ವಿದಳ ಜಾತಿಯದು, ಬೆಳೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಕೊನೆಗೆ ಉಳಿದದ್ದು ಈ ಅಪ್ಸೆಣಬು. ಹಿಂದೆ ಕಪಿಲೆ ಬಾವಿಯ ಹಗ್ಗ, ದನದ ಕಣ್ಣಿ, ಮೀನಿನ ಬಲೆ ಇಂಥ ನಾರಿನಿಂದಲೇ ಆಗುತ್ತಿದ್ದವು. ತೆಳುವಾದ ಸಿಗರೇಟಿನ ಕಾಗದಕ್ಕೂ ಇದು ಹೋಗುತ್ತದೆ. ಹತ್ತಿಗೆ ಬೆರೆಸಿ ಬಟ್ಟೆ ಮಾಡಬಹುದು ಎಂಬುದೂ ನಿಜ. ಆದರೆ ಎಳೆ ಮೋಟಾದ್ದರಿಂದ ಜೀನ್ಸ್ ಗಿರಣಿಗಳು ಇದನ್ನು ಮುಗಿಬಿದ್ದು ಕೊಳ್ಳುವ ಕಾಲ ಬಂದಿಲ್ಲ. ಹಾಗಾದರೆ ಇದನ್ನು ಕೈಬಿಡೋಣವೆ? ಬೇಡ. ಇದರ ನಿಜವಾದ ಬೆಲೆ ಬೇರೆ ಕಡೆ ಇದೆ.

ಅಪ್ಸೆಣಬಿನ ಬೇರಿನಲ್ಲಿ ಗಂಟುಗಳಿವೆ. ಅವು ಗಾಳಿಯ ಸಾರಜನಕವನ್ನು ಹಿಡಿದು ಭೂಮಿಗೆ ಸೇರಿಸುತ್ತವೆ. ಎಕರೆಗೆ 20ರಿಂದ 25 ಕಿಲೊ ಬೀಜ ಚೆಲ್ಲಿ, ಹೂ ಬಿಡುವ ಹೊತ್ತಿಗೆ, ಅಂದರೆ 45 ದಿನದ ಆಸುಪಾಸಿನಲ್ಲಿ ಉತ್ತು ಮುಚ್ಚಿದರೆ, ಒಳ್ಳೆಯ ಬೆಳೆಯಲ್ಲಿ ಆರೇಳು ಟನ್ ಹಸಿರು ಗೊಬ್ಬರ ಮಣ್ಣಿಗೆ ಬೀಳುತ್ತದೆ. ಕೊಟ್ಟಿಗೆ ಗೊಬ್ಬರ ಸಾಲದ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಇನ್ನೊಂದು ಗುಣ. ಹಿಪ್ಪುನೇರಳೆ, ಟೊಮೇಟೊ ಬೇರನ್ನು ಗಂಟುಗಂಟಾಗಿಸುವ ಕಣ್ಣಿಗೆ ಕಾಣದ ಜಂತುಹುಳು ಇದೆಯಲ್ಲ, ಅದು ಅಪ್ಸೆಣಬಿನ ಬೇರಿನಲ್ಲಿ ಬೆಳೆಯಲಾರದು. ಅಗಲ ಸಾಲಿನ ಹಿಪ್ಪುನೇರಳೆ ತೋಟದಲ್ಲಿ ಸಾಲಿನ ನಡುವೆ ಇದನ್ನು ಬಿತ್ತಿ, ಹೂ ಬಂದಾಗ ಕೊಯ್ದು ಮಣ್ಣಿಗೆ ಸೇರಿಸಿದರೆ ಎರಡು ಲಾಭ. ಒಂದು ಎಚ್ಚರಿಕೆ: ಬೀಜ ದನಕ್ಕೆ ವಿಷ. ಬೀಜ ಕಟ್ಟಿದ ಗಿಡವನ್ನು ಮೇವಿಗೆ ಹಾಕಬೇಡಿ.

ಈಗ ರಾಗಿಯ ಲೆಕ್ಕ. ಕೃತ್ತಿಕೆ ಮಳೆಗೆ ಅಪ್ಸೆಣಬು ಚೆಲ್ಲಿದರೆ ಆರಿದ್ರದ ಹೊತ್ತಿಗೆ ಹೂ ಬರುತ್ತದೆ. ಆಗ ಉತ್ತು, ಹತ್ತು ಹದಿನೈದು ದಿನ ಕೊಳೆಯಲು ಬಿಟ್ಟು, ಪುನರ್ವಸು ಪುಷ್ಯದಲ್ಲಿ ರಾಗಿ ಬಿತ್ತಬಹುದು. ಗೊಬ್ಬರವೂ ಆಯಿತು, ರಾಗಿಯೂ ಆಯಿತು. ಅದೇ ಗಿಡವನ್ನು ನಾರಿಗಾಗಿ ಬಿಟ್ಟರೆ ಮೂರು ತಿಂಗಳ ಮೇಲೆ ಹೊಲದಲ್ಲಿ ನಿಲ್ಲಬೇಕು. ಅಷ್ಟರಲ್ಲಿ ರಾಗಿಯ ಹದ ದಾಟಿ ಹೋಯಿತು. ಸಿಗುವ ನಾರು ಎಕರೆಗೆ ಹೆಚ್ಚೆಂದರೆ ಮೂರು ನಾಲ್ಕು ಕ್ವಿಂಟಾಲ್. ಅದರಲ್ಲಿ ಕೊಯ್ಲು, ನೆನೆಹಾಕುವುದು, ಸುಲಿಯುವುದು, ಒಣಗಿಸುವುದು, ಎಲ್ಲಕ್ಕೂ ಆಳು ಬೇಕು. ಮನೆಯ ರಾಗಿ, ದನದ ಹುಲ್ಲು ಎರಡನ್ನೂ ಬಿಟ್ಟುಕೊಡುವಷ್ಟು ಬೆಲೆ ಆ ನಾರಿಗೆ ಸಿಗುತ್ತದೆಯೆ? ಇದನ್ನು ಬಿತ್ತುವ ಮೊದಲೇ ಕೇಳಿಕೊಳ್ಳಬೇಕು. ಹಿಪ್ಪುನೇರಳೆ ಕಿತ್ತು ನಾರಿನ ಗಿಡ ಹಾಕುವ ಯೋಚನೆಯನ್ನಂತೂ ಯಾರೂ ಮಾಡಬಾರದು.

ಎರಡನೆಯದು ಕೆರೆಯ ಲೆಕ್ಕ. ನಾರು ಬಿಡಬೇಕಾದರೆ ಕಟ್ಟುಗಳನ್ನು ನೀರಲ್ಲಿ ಕೊಳೆಹಾಕಬೇಕು. ಕೊಳೆಯುವಾಗ ನೀರಿನ ಪ್ರಾಣವಾಯುವೆಲ್ಲ ಖರ್ಚಾಗಿ ನೀರು ಕಪ್ಪಾಗುತ್ತದೆ, ನಾರುತ್ತದೆ, ಮೀನು ಸಾಯುತ್ತದೆ, ದನ ಕುಡಿಯಲಾರದು. ಮಳೆನಾಡಿನಂಥ ಬಂಗಾಳದಲ್ಲಿ ಹರಿಯುವ ನೀರು ಉಂಟು, ಹಳ್ಳಕೊಳ್ಳ ತುಂಬಿರುತ್ತವೆ. ನಮ್ಮಲ್ಲಿ ಕೆರೆ ತುಂಬುವುದೇ ಅಪರೂಪ. ಬೆಂಗಳೂರಿನ ಹೆಬ್ಬಾಳ ನಾಗವಾರ ಕಣಿವೆಯಿಂದ ಶುದ್ಧೀಕರಿಸಿದ ನೀರನ್ನು ಪಂಪು ಮಾಡಿ ಜಿಲ್ಲೆಯ ಕೆಲವು ಕೆರೆಗಳಿಗೆ ತಂದು ಬಿಡುತ್ತಿರುವುದು ಅಂತರ್ಜಲ ಏರಲಿ ಅಂತ. ಅಂಥ ಕೆರೆಯಲ್ಲಿ ನಾರು ಕೊಳೆಹಾಕಿದರೆ ಒಬ್ಬನ ಲಾಭಕ್ಕೆ ಊರೆಲ್ಲ ಕೊಳೆ ನೀರು ಕುಡಿದ ಹಾಗೆ. ನೀರು ಉಳಿಸುವ ಬಟ್ಟೆ ಅಂತ ಪೇಟೆಯಲ್ಲಿ ಹೆಸರು, ಹಳ್ಳಿಯಲ್ಲಿ ಕೆರೆ ಹಾಳು! ಇದು ನ್ಯಾಯವಲ್ಲ.

ಆದರೂ ಕೈಯಾರೆ ಮಾಡಿ ನೋಡಬೇಕು ಎಂಬ ಆಸೆ ಇದ್ದವರು ಒಂದೇ ಒಂದು ಗುಂಟೆಯಲ್ಲಿ ಮಾಡಿ. ಸಾಲಿನಲ್ಲಿ ಒತ್ತಾಗಿ ಬಿತ್ತಿದರೆ ಗಿಡ ಕೊಂಬೆ ಒಡೆಯದೆ ನೆಟ್ಟಗೆ ಏಳುತ್ತದೆ, ನಾರು ಉದ್ದ ಬರುತ್ತದೆ. ಎಳೆ ಕಾಯಿ ಕಾಣಿಸಿದಾಗ ಬುಡಕ್ಕೆ ಕೊಯ್ದು, ಕಟ್ಟು ಕಟ್ಟಿ, ಎರಡು ದಿನ ಹೊಲದಲ್ಲೇ ಬಿಟ್ಟು ಎಲೆ ಉದುರಿಸಿ. ಎಲೆ ಹೊಲಕ್ಕೇ ಗೊಬ್ಬರ. ಆಮೇಲೆ ಸಿಮೆಂಟ್ ತೊಟ್ಟಿಯಲ್ಲೋ, ಟಾರ್ಪಾಲು ಹಾಸಿದ ಗುಂಡಿಯಲ್ಲೋ ಮುಳುಗಿಸಿ, ಮೇಲೆ ಕಲ್ಲು ಹೇರಿ. ಹಸಿಯಾಗಿರುವಾಗಲೇ ತೊಗಟೆ ಸುಲಿದು ಅದನ್ನಷ್ಟೇ ನೆನೆಹಾಕಿದರೆ ನೀರು ಇನ್ನೂ ಕಡಮೆ ಸಾಕು. ಮೂರನೆಯ ದಿನದಿಂದ ದಿನವೂ ಒಂದು ಎಳೆ ತೆಗೆದು ನೋಡಿ. ನಾರು ಕಡ್ಡಿಯಿಂದ ತಾನೇ ಜಾರಿ ಬಂದರೆ ಹದ ಬಂತು. ಬಿಸಿಲಿದ್ದರೆ ನಾಲ್ಕೈದು ದಿನಕ್ಕೆ ಸಾಕು, ಚಳಿಗೆ ವಾರ ಬೇಕಾದೀತು. ಹದ ಮೀರಿದರೆ ನಾರು ಲಡ್ಡಾಗಿ ತುಂಡಾಗುತ್ತದೆ. ಚೆನ್ನಾಗಿ ತೊಳೆದು ನೆರಳಲ್ಲಿ ಒಣಗಿಸಿ. ತೊಟ್ಟಿಯ ನೀರನ್ನು ಗೊಬ್ಬರದ ಗುಂಡಿಗೆ ಬಿಡಿ. ಗುಂಟೆಗೆ ಏಳರಿಂದ ಹತ್ತು ಕಿಲೊ ನಾರು ಸಿಕ್ಕಿದರೆ ಬೆಳೆ ಚೆನ್ನಾಗಿ ಬಂತು ಅಂತ ತಿಳಿಯಿರಿ. ಎಷ್ಟು ಆಳು ಹಿಡಿಯಿತು ಅಂತ ಬರೆದಿಡಿ. ಆ ನಾರು ಮಾರಾಟವಾಗದಿದ್ದರೂ ಮನೆಯ ದನಕ್ಕೆ ವರ್ಷದ ಕಣ್ಣಿ, ಹಗ್ಗ ಆಯಿತು. ಪ್ಲಾಸ್ಟಿಕ್ ಹಗ್ಗಕ್ಕೆ ಕೊಡುವ ದುಡ್ಡು ಉಳಿಯಿತು.

ನಾಳೆ ಯಾವನಾದರೂ ಏಜೆಂಟ್ ಬಂದು ನಾರಿನ ಬೆಳೆ ಹಾಕಿ, ಎಲ್ಲ ನಾವೇ ಕೊಳ್ಳುತ್ತೇವೆ ಅಂದರೆ ನಾಲ್ಕು ಮಾತು ಕೇಳಿ. ಕೊಳ್ಳುವವರು ಯಾರು, ಅವರ ಗಿರಣಿ ಎಲ್ಲಿದೆ? ಹಸಿ ಕಾಂಡ ಕೊಳ್ಳುತ್ತೀರೋ, ಒಣ ನಾರು ಕೊಳ್ಳುತ್ತೀರೋ? ನಾರಿನ ದರ್ಜೆಯನ್ನು ಯಾರು, ಯಾವ ಅಳತೆಯಲ್ಲಿ ನಿರ್ಧರಿಸುತ್ತಾರೆ? ಕೊಳೆಹಾಕಿದ ನೀರನ್ನು ಏನು ಮಾಡಬೇಕು? ಈ ನಾಲ್ಕಕ್ಕೂ ಕಾಗದದ ಮೇಲೆ ಉತ್ತರ ಕೊಡದವನ ಬೀಜಕ್ಕೆ ಮುಂಗಡ ಕೊಡಬೇಡಿ. ಅನುಮಾನ ಬಂದರೆ ಚಿಂತಾಮಣಿ ತಾಲ್ಲೂಕು ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರವಿದೆ, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವಿದೆ, ಹೋಗಿ ವಿಚಾರಿಸಿ.

ಹೇಳಿದ್ದನ್ನು ಚುಟುಕಾಗಿ ನೆನಪಿಡಿ. ಗಾಂಜಾ ಜಾತಿಯ ಹೆಂಪ್ ಬೀಜ ಮುಟ್ಟಬೇಡಿ. ಕತ್ತಾಳೆ ಹಗ್ಗಕ್ಕೆ, ಬಾಳೆ ನಾರು ಯಂತ್ರ ಹತ್ತಿರವಿದ್ದವರಿಗೆ. ಅಪ್ಸೆಣಬನ್ನು ಧೈರ್ಯವಾಗಿ ಬಿತ್ತಿ, ಆದರೆ ಮೊದಲು ಗೊಬ್ಬರಕ್ಕಾಗಿ ಬಿತ್ತಿ. ನಾರಿಗೆ ಒಂದು ಗುಂಟೆ ಸಾಕು. ಕೆರೆಯಲ್ಲಿ ನಾರು ಕೊಳೆಹಾಕಬೇಡಿ. ಜೀನ್ಸಿನ ಗಿರಣಿಗೆ ಅಪ್ಸೆಣಬು ಬೇಕಾಗುವ ದಿನ ಬಂದರೆ ಬರಲಿ, ಆ ಹೊತ್ತಿಗೆ ನಿಮ್ಮ ಕೈಗೆ ಕೆಲಸ ಬಂದಿರುತ್ತದೆ, ಲೆಕ್ಕ ಗೊತ್ತಿರುತ್ತದೆ. ಬಾರದೆ ಹೋದರೂ ನಷ್ಟವಿಲ್ಲ, ಹೊಲದ ಮಣ್ಣು ಬಲವಾಗಿರುತ್ತದೆ, ಕಣಜದಲ್ಲಿ ರಾಗಿ ಇರುತ್ತದೆ.